ಮದುವೆ ಕ್ಯಾಸೆಟ್ಟಿಗೆ ಬೀಗರ ಮನೆಯ ತೇಪೆ: ಹಾಳಾದ ಫ್ರೇಮುಗಳನ್ನು ಇನ್ನೊಂದು ಪ್ರತಿಯಿಂದ ಬದಲಿಸುವುದು ಹೇಗೆ

1990ರ ದಶಕದಲ್ಲಿ ಮದುವೆಯಾದವರ ಮನೆಯ ಬೀರುವಿನಲ್ಲಿ ಒಂದು ವಿಎಚ್‌ಎಸ್ ಕ್ಯಾಸೆಟ್ ಇದ್ದೇ ಇರುತ್ತದೆ. ಸ್ಟುಡಿಯೋದವರು ಒಂದೇ ಮಾಸ್ಟರ್‌ನಿಂದ ಎರಡು ಪ್ರತಿ ತೆಗೆದು ಹೆಣ್ಣಿನ ಮನೆಗೊಂದು, ಗಂಡಿನ ಮನೆಗೊಂದು ಕೊಡುವುದು ವಾಡಿಕೆಯಾಗಿತ್ತು. ಈಗ ಅದನ್ನು ಕಂಪ್ಯೂಟರಿಗೆ ಇಳಿಸಲು ಹೋದರೆ ಬಿಳಿ ಗೀರು, ನಡುಗುವ ಪಟ್ಟಿ, ಮಧ್ಯೆ ಮಧ್ಯೆ ಹಿಮ ಸುರಿದಂತೆ ಚುಕ್ಕೆ. 'ಸಾಫ್ಟ್‌ವೇರ್ ಹಾಕಿ ಕ್ಲೀನ್ ಮಾಡಿಕೊಡುತ್ತೇವೆ' ಎನ್ನುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಹಾಗೆ ಉಜ್ಜಿದರೆ ಗೀರಿನ ಜೊತೆ ಮುಖದ ವಿವರವೂ ಹೋಗುತ್ತದೆ. ಇಲ್ಲದ ಚಿತ್ರವನ್ನು ಸಾಫ್ಟ್‌ವೇರ್ ಊಹಿಸಿ ತುಂಬುವುದಕ್ಕಿಂತ, ಅದೇ ಚಿತ್ರ ಬೀಗರ ಮನೆಯ ಕ್ಯಾಸೆಟ್ಟಿನಲ್ಲಿ ಚೆನ್ನಾಗಿದ್ದರೆ ಅಲ್ಲಿಂದ ತಂದು ಕೂರಿಸುವುದೇ ಮೇಲಲ್ವಾ?

ಇದು ಹೊಸ ಉಪಾಯವೇನಲ್ಲ. ಸತ್ಯಜಿತ್ ರಾಯ್ ಅವರ ಅಪು ಚಿತ್ರತ್ರಯದ ಮೂಲ ನೆಗೆಟಿವ್‌ಗಳು 1993ರಲ್ಲಿ ಲಂಡನ್ನಿನ ಬೆಂಕಿಯಲ್ಲಿ ಸುಟ್ಟವು. ಮುಂದೆ ಅವನ್ನು ದುರಸ್ತಿ ಮಾಡಿದವರು ಉಳಿದ ತುಣುಕುಗಳನ್ನು ಜೋಡಿಸಿ, ಇಲ್ಲದ ಕಡೆ ಬೇರೆ ಸಂಗ್ರಹಗಳಲ್ಲಿದ್ದ ಪ್ರತಿಗಳಿಂದ ತುಂಬಿದರು. 2015ರಲ್ಲಿ ಆ ಚಿತ್ರಗಳು ಮತ್ತೆ ತೆರೆಗೆ ಬಂದವು. ನಮ್ಮ ಕೆಲಸ ಅಷ್ಟು ದೊಡ್ಡದಲ್ಲ. ಎರಡು ಕ್ಯಾಸೆಟ್, ಒಂದು ವಿಸಿಆರ್, ಅದರ ಚಿತ್ರವನ್ನು ಕಂಪ್ಯೂಟರಿಗೆ ಇಳಿಸುವ ಕ್ಯಾಪ್ಚರ್ ಡಬ್ಬಿ, ಒಂದು ಕಂಪ್ಯೂಟರ್, ಜೊತೆಗೆ ಒಂದಷ್ಟು ತಾಳ್ಮೆ ಸಾಕು.

ಮೊದಲು ಟೇಪ್ ಹೇಗೆ ಹಾಳಾಗುತ್ತದೆ ಅಂತ ತಿಳಿಯಿರಿ

ಇದನ್ನು ಓದದೆ ಮುಂದೆ ಹೋಗಬೇಡಿ. ಆಮೇಲಿನ ಅರ್ಧ ತೀರ್ಮಾನಗಳು ಇದರ ಮೇಲೇ ನಿಂತಿವೆ.

ನಮ್ಮ ದೇಶದ ವಿಎಚ್‌ಎಸ್ ಪಾಲ್ ಎಂಬ ಟಿವಿ ಪದ್ಧತಿಯದು. ಸೆಕೆಂಡಿಗೆ 25 ಫ್ರೇಮ್, ಅಂದರೆ 25 ಬಿಡಿ ಚಿತ್ರ. ಪ್ರತಿ ಫ್ರೇಮ್ ಎರಡು ಫೀಲ್ಡುಗಳಿಂದ ಆಗಿದೆ. ಒಂದರಲ್ಲಿ ಬೆಸ ಗೆರೆಗಳು, ಇನ್ನೊಂದರಲ್ಲಿ ಸರಿ ಗೆರೆಗಳು. ವಿಸಿಆರ್ ಒಳಗಿನ ಡ್ರಮ್ ಸೆಕೆಂಡಿಗೆ 25 ಸುತ್ತು ಸುತ್ತುತ್ತದೆ. ಅದರ ಮೇಲೆ ಎದುರುಬದುರಾಗಿ ಎರಡು ಹೆಡ್ ಇರುತ್ತವೆ. ಒಂದು ಹೆಡ್ ಒಂದು ಫೀಲ್ಡನ್ನು ಓದಿದರೆ ಇನ್ನೊಂದು ಹೆಡ್ ಇನ್ನೊಂದನ್ನು ಓದುತ್ತದೆ. ಟೇಪಿನ ಮೇಲೆ ಈ ಫೀಲ್ಡುಗಳು ಓರೆಯಾದ ಗೆರೆಗಳಾಗಿ ಒತ್ತೊತ್ತಾಗಿ ಕೂತಿರುತ್ತವೆ. ಧ್ವನಿ ಟೇಪಿನ ಮೇಲಿನ ಅಂಚಿನಲ್ಲಿದ್ದರೆ, ವಿಸಿಆರ್‌ಗೆ ವೇಗ ಹೇಳಿಕೊಡುವ ಕಂಟ್ರೋಲ್ ಟ್ರ್ಯಾಕ್ ಕೆಳಗಿನ ಅಂಚಿನಲ್ಲಿರುತ್ತದೆ.

ಇದರಿಂದ ಏನು ಗೊತ್ತಾಗುತ್ತದೆ? ಒಂದು ಫೀಲ್ಡ್ ಬಿಟ್ಟು ಒಂದು ಫೀಲ್ಡ್ ಪೂರ್ತಿ ಚುಕ್ಕೆಚುಕ್ಕೆಯಾಗಿದ್ದರೆ ಟೇಪಿನ ತಪ್ಪಲ್ಲ, ಒಂದು ಹೆಡ್ಡಿಗೆ ಕೊಳೆ ಹಿಡಿದಿದೆ. ಹೆಡ್ ಕ್ಲೀನ್ ಮಾಡಿಸಿ. ಚಿಕ್ಕ ಬಿಳಿ ಗೀರು ಒಂದು ಕ್ಷಣ ಮಿಂಚಿ ಮರೆಯಾದರೆ ಅಲ್ಲಿ ಟೇಪಿನ ಲೇಪ ಉದುರಿದೆ, ಇಲ್ಲವೇ ಧೂಳು ಕೂತಿದೆ. ಅದು ಸಾಮಾನ್ಯವಾಗಿ ಒಂದೇ ಫೀಲ್ಡಿನ ಕೆಲವೇ ಗೆರೆಗಳ ಸಮಸ್ಯೆ. ಧ್ವನಿ ಮಾತ್ರ ಗೊರಗೊರ ಅಂದರೆ ಮೇಲಿನ ಅಂಚು ಸುಕ್ಕಾಗಿದೆ.

ಇನ್ನು ಟೇಪಿಗೆ ಅಡ್ಡಲಾಗಿ ಮಡಿಕೆ ಬಿದ್ದಿದ್ದರೆ ತೊಂದರೆ ಬೇರೆ ಥರ. ವಿಸಿಆರ್ ಟೇಪನ್ನು 'ತಿಂದಾಗ' ಆಗುವುದು ಇದೇ. ಓರೆ ಗೆರೆಗಳು ಉದ್ದವಾಗಿರುವುದರಿಂದ ಒಂದೇ ಮಡಿಕೆ ನೂರಾರು ಗೆರೆಗಳನ್ನು ದಾಟುತ್ತದೆ. ತೆರೆಯ ಮೇಲೆ ಗಲಾಟೆಯ ಪಟ್ಟಿಯೊಂದು ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮಾರು 4 ಸೆಕೆಂಡು ತೆವಳಿಕೊಂಡು ಹೋಗುತ್ತದೆ. ಗಾಬರಿಯಾಗಬೇಡಿ. ನೂರು ಫ್ರೇಮ್ ಹೋಯಿತು ಅನಿಸಿದರೂ ಯಾವ ಒಂದು ಫ್ರೇಮನ್ನು ನಿಲ್ಲಿಸಿ ನೋಡಿದರೂ ಹಾಳಾಗಿರುವುದು ಒಂದು ಪಟ್ಟಿ ಮಾತ್ರ. ಮಿಕ್ಕಿದ್ದು ಚೆನ್ನಾಗಿಯೇ ಇರುತ್ತದೆ.

ಇನ್ನೊಂದು ಮಾತು. ಜನ ಯಾವ ಜಾಗವನ್ನು ಪಾಜ್ ಮಾಡಿ, ರಿವೈಂಡ್ ಮಾಡಿ ಮತ್ತೆ ಮತ್ತೆ ನೋಡಿದ್ದಾರೋ ಆ ಜಾಗವೇ ಜಾಸ್ತಿ ಸವೆದಿರುತ್ತದೆ. ಪಾಜ್ ಒತ್ತಿದಾಗ ಟೇಪ್ ನಿಂತಿರುತ್ತದೆ, ಹೆಡ್ ಮಾತ್ರ ಅದೇ ಜಾಗವನ್ನು ಉಜ್ಜುತ್ತಲೇ ಇರುತ್ತದೆ. ಹೆಣ್ಣಿನ ಮನೆಯವರು ತಮ್ಮ ಕಡೆಯವರು ಸಾಲಾಗಿ ಬಂದು ಮುಯ್ಯಿ ಮಾಡುವ ಭಾಗವನ್ನು ಸವೆಸಿರುತ್ತಾರೆ, ಗಂಡಿನ ಮನೆಯವರು ದಿಬ್ಬಣ ಬರುವ ಭಾಗವನ್ನು. ನಮಗೆ ಬೇಕಾದದ್ದೂ ಇದೇ, ಎರಡು ಪ್ರತಿ ಬೇರೆ ಬೇರೆ ಕಡೆ ಹಾಳಾಗಿರಬೇಕು. ಮಾಂಗಲ್ಯಧಾರಣೆಯ ಭಾಗ ಮಾತ್ರ ಎರಡರಲ್ಲೂ ಸವೆದಿರುವ ಅಪಾಯ ಇದೆ.

ಪ್ರತಿಗಳನ್ನು ಹುಡುಕಿ, ಯಾವುದು ಮುಖ್ಯ ಅಂತ ತೀರ್ಮಾನಿಸಿ

ಬೀಗರ ಮನೆಗೆ ಫೋನ್ ಮಾಡಿ. ಅವರ ಹತ್ತಿರ ಇಲ್ಲದಿದ್ದರೆ ಸೋದರಮಾವ, ಚಿಕ್ಕಮ್ಮ, ಮದುವೆಗೆ ಬರಲಾಗದೆ ಪ್ರತಿ ತರಿಸಿಕೊಂಡ ಮುಂಬೈ ನೆಂಟರು, ಎಲ್ಲರನ್ನೂ ಕೇಳಿ. 'ಸೀಡಿ ಮಾಡಿಸಿದ್ದೆವು' ಅಂದರೂ ಬಿಡಬೇಡಿ, ಈಸಿಕೊಳ್ಳಿ. ಕ್ಯಾಸೆಟ್ ಚೆನ್ನಾಗಿದ್ದ ಕಾಲದಲ್ಲಿ ಮಾಡಿಸಿದ ಡಿವಿಡಿ ಈಗಿನ ಕ್ಯಾಸೆಟ್ಟಿಗಿಂತ ಶುದ್ಧವಾಗಿರಬಹುದು. ಡಿವಿಡಿಯಲ್ಲಿ 720×576 ಚಿತ್ರ, ಎರಡೂ ಫೀಲ್ಡ್ ಇರುತ್ತವೆ. ವಿಸಿಡಿಯಲ್ಲಿ 352×288 ಮಾತ್ರ, ಅಂದರೆ ಹೆಚ್ಚುಕಡಿಮೆ ಒಂದು ಫೀಲ್ಡಿನಷ್ಟು ವಿವರ. ತೀರಾ ಬೇರೆ ದಾರಿ ಇಲ್ಲದ ಕಡೆ ಅದು ಆಗುತ್ತದೆ.

ಅಮೆರಿಕದಲ್ಲಿರುವವರಿಗೆ ಕಳಿಸಿದ ಕ್ಯಾಸೆಟ್ ಸಿಕ್ಕರೆ ಹಿಗ್ಗುವ ಮುನ್ನ ಒಮ್ಮೆ ನೋಡಿ. ಅಲ್ಲಿನದು ಎನ್‌ಟಿಎಸ್‌ಸಿ ಪದ್ಧತಿ, ಸೆಕೆಂಡಿಗೆ ಹೆಚ್ಚುಕಡಿಮೆ 30 ಫ್ರೇಮ್. ಪರಿವರ್ತನೆ ಮಾಡುವಾಗ ಫ್ರೇಮುಗಳು ಒಂದರೊಳಗೊಂದು ಬೆರೆತಿರಬಹುದು. ಅದರ ಯಾವ ಫ್ರೇಮೂ ನಮ್ಮ ಫ್ರೇಮಿಗೆ ಸರಿಯಾಗಿ ಹೊಂದದೇ ಹೋಗಬಹುದು. ಅದನ್ನು ಧ್ವನಿಗೆ ಅಂತ ಇಟ್ಟುಕೊಳ್ಳಿ.

ಈಗ ಯಾವುದು ಮುಖ್ಯ ಪ್ರತಿ? ಕಡಿಮೆ ಗೀರು ಇರುವುದು ಅಂತ ಹಲವರು ಆರಿಸುತ್ತಾರೆ. ನನ್ನ ಪ್ರಕಾರ ಅದು ಸರಿಯಲ್ಲ. ಒಟ್ಟಾರೆ ಚಿತ್ರ ಯಾವುದರಲ್ಲಿ ಚುರುಕಾಗಿದೆಯೋ ಅದು ಮುಖ್ಯ. ಗೀರನ್ನು ಬದಲಿಸಬಹುದು, ಮಸುಕನ್ನು ಬದಲಿಸಲು ಬರುವುದಿಲ್ಲ. ಪ್ರತಿಯಿಂದ ತೆಗೆದ ಪ್ರತಿಯನ್ನು ಗುರುತಿಸಲು ಎರಡು ದಾರಿ ಇವೆ. ಕೆಂಪು ರೇಷ್ಮೆ ಸೀರೆಯ ಅಂಚು ನೋಡಿ. ಬಣ್ಣ ಸೀರೆಯಿಂದ ಇಳಿದು ಕೆಳಗೆ ಚೆಲ್ಲಿದಂತಿದ್ದರೆ ಅದು ಹಲವು ಸಲ ಕಾಪಿಯಾದದ್ದು, ಏಕೆಂದರೆ ಪ್ರತಿ ಸಲ ಕಾಪಿ ಮಾಡಿದಾಗಲೂ ಬಣ್ಣ ಒಂದಷ್ಟು ಗೆರೆ ಕೆಳಗೆ ಜಾರುತ್ತದೆ. ಇನ್ನೊಂದು, ಚಿತ್ರದ ತಳ. ಅಲ್ಲಿ ಹೆಡ್ ಬದಲಾಗುವ ಜಾಗದಲ್ಲಿ ಒಂದು ಚಿಂದಿಚಿಂದಿ ಗೆರೆ ಎಲ್ಲ ಟೇಪಿನಲ್ಲೂ ಇರುತ್ತದೆ. ಟಿವಿಯಲ್ಲಿ ಅದು ಕಾಣುತ್ತಿರಲಿಲ್ಲ, ಕಂಪ್ಯೂಟರಿನಲ್ಲಿ ಕಾಣುತ್ತದೆ. ಅಂಥ ಗೆರೆ ಒಂದರ ಮೇಲೊಂದು ಹೆಚ್ಚು ಕಂಡಷ್ಟೂ ಆ ಪ್ರತಿ ಮೂಲದಿಂದ ದೂರ.

ಮುಂದೆ ಮುಖ್ಯ ಪ್ರತಿಯನ್ನು 'ಅ' ಎಂದೂ ನೆರವಿನ ಪ್ರತಿಯನ್ನು 'ಆ' ಎಂದೂ ಕರೆಯುತ್ತೇನೆ.

ಕಂಪ್ಯೂಟರಿಗೆ ಇಳಿಸುವುದು

ಕ್ಯಾಸೆಟ್ ಕೈಗೆ ಬಂದ ಕೂಡಲೇ ಬೆನ್ನಿನ ಅಂಚಿನಲ್ಲಿರುವ ಚಿಕ್ಕ ಪ್ಲಾಸ್ಟಿಕ್ ಹಲ್ಲನ್ನು ಮುರಿದುಬಿಡಿ. ಆಮೇಲೆ ಯಾರಾದರೂ ತಪ್ಪಿ ರೆಕಾರ್ಡ್ ಒತ್ತಿದರೂ ಅಳಿಸಿಹೋಗುವುದಿಲ್ಲ.

ಕಿಟಕಿಯಂತಿರುವ ಜಾಗದಿಂದ ಸುರುಳಿ ನೋಡಿ. ಅಂಚಿನ ಮೇಲೆ ಬಿಳಿ ಪುಡಿ ಕಂಡರೆ ಅದು ಬೂಷ್ಟು. ಕರಾವಳಿ, ಮಲೆನಾಡಿನ ಮಳೆಗಾಲ ಕಂಡ ಕ್ಯಾಸೆಟ್ಟಿನಲ್ಲಿ ಇದು ಮಾಮೂಲು. ಅದನ್ನು ವಿಸಿಆರ್‌ಗೆ ಹಾಕಬೇಡಿ. ಹೆಡ್ಡೂ ಕೆಡುತ್ತದೆ, ಮುಂದೆ ಹಾಕುವ ಒಳ್ಳೆ ಕ್ಯಾಸೆಟ್ಟಿಗೂ ಅಂಟುತ್ತದೆ. ಅದನ್ನು ಒಣ ಬಟ್ಟೆಯಲ್ಲಿ ಕ್ಲೀನ್ ಮಾಡಬಲ್ಲ ಅನುಭವಿಗಳಿಗೆ ಕೊಡಿ, ನೀವೇ ಬಿಚ್ಚುವುದಾದರೆ ಮಾಸ್ಕ್ ಹಾಕಿಕೊಂಡು ಹೊರಗೆ ಗಾಳಿಯಲ್ಲಿ ಕೂತು ಮಾಡಿ. ತುಂಡಾದ ಟೇಪಿಗೆ ಮನೆಯ ಸೆಲ್ಲೋಟೇಪ್ ಅಂಟಿಸುವುದು ಬೇಡವೇ ಬೇಡ, ಅದರ ಗೋಂದು ಹೆಡ್ಡಿಗೆ ಹತ್ತುತ್ತದೆ. ಇದಕ್ಕೆಂದೇ ಸ್ಪ್ಲೈಸಿಂಗ್ ಟೇಪ್ ಸಿಗುತ್ತದೆ.

ವರ್ಷಗಟ್ಟಲೆ ಸುಮ್ನೆ ಕೂತ ಕ್ಯಾಸೆಟ್ ಆದರೆ ಒಮ್ಮೆ ಕೊನೆಯವರೆಗೆ ಫಾರ್ವರ್ಡ್, ಮತ್ತೆ ಪೂರ್ತಿ ರಿವೈಂಡ್ ಮಾಡಿ. ಸುರುಳಿಯ ಬಿಗಿ ಎಲ್ಲ ಕಡೆ ಒಂದೇ ಆಗುತ್ತದೆ. ಟ್ರ್ಯಾಕಿಂಗ್ ಗುಂಡಿಯನ್ನು ಒಂದೊಂದು ಕ್ಯಾಸೆಟ್ಟಿಗೂ ಬೇರೆಯಾಗಿ ಹೊಂದಿಸಿ. ವಿಸಿಆರ್ ಎಲ್ಲಿಂದ ತರುವುದು ಅನ್ನುತ್ತೀರಾ? ಕೊನೆಯದಾಗಿ ವಿಸಿಆರ್ ತಯಾರಿಸುತ್ತಿದ್ದ ಜಪಾನಿನ ಫುನಾಯಿ ಕಂಪನಿ 2016ರಲ್ಲಿ ನಿಲ್ಲಿಸಿತು. ಹಾಗಾಗಿ ಹಳೆಯದೇ ಗತಿ. ರಿಪೇರಿ ಮಾಡುವವರ ಅಂಗಡಿಯಲ್ಲಿ ಕೇಳಿ.

ಇಳಿಸುವಾಗ ನನ್ನ ಒತ್ತಾಯ ಮೂರೇ. ಮೊದಲನೆಯದು, ವಿಸಿಆರ್‌ಗೂ ಕಂಪ್ಯೂಟರಿಗೂ ಮಧ್ಯೆ ಟೈಮ್ ಬೇಸ್ ಕರೆಕ್ಟರ್ (ಸಿಗ್ನಲ್ಲಿನ ಓಲಾಟ ಸರಿಪಡಿಸುವ ಯಂತ್ರ) ಇರಲಿ. ಹಳೇ ಟೇಪಿನ ಸಿಗ್ನಲ್ ಓಲಾಡುತ್ತದೆ. ಓಲಾಡಿದಾಗ ಕ್ಯಾಪ್ಚರ್ ಡಬ್ಬಿ ಹೇಳದೆ ಕೇಳದೆ ಫ್ರೇಮ್ ಬಿಟ್ಟುಬಿಡುತ್ತದೆ. ನಮ್ಮ ಇಡೀ ಕೆಲಸ ಫ್ರೇಮಿನ ಎಣಿಕೆಯ ಮೇಲೆ ನಿಂತಿದೆ, ಆದ್ದರಿಂದ ಇದು ಮುಖ್ಯ. ಬೇರೆ ಯಂತ್ರಕ್ಕೆ ದುಡ್ಡಿಲ್ಲದಿದ್ದರೆ ಕೆಲವು ಹಳೇ ಡಿವಿಡಿ ರೆಕಾರ್ಡರುಗಳ ಮೂಲಕ ಸಿಗ್ನಲ್ ಹಾಯಿಸಿದರೂ ಸಾಕಷ್ಟು ಸ್ಥಿರವಾಗುತ್ತದೆ. ಎರಡನೆಯದು, ನಷ್ಟವಿಲ್ಲದ ಕೋಡೆಕ್, ಅಂದರೆ ಚಿತ್ರದ ವಿವರ ಕಳೆಯದೆ ಫೈಲ್ ಕುಗ್ಗಿಸುವ ವಿಧಾನ. ಹಫ್‌ವೈಯುವಿ, ಲಗಾರಿತ್, ಎಫ್‌ಎಫ್‌ವಿ1, ಯಾವುದಾದರೂ ಸರಿ. ಏನೂ ಕುಗ್ಗಿಸದಿದ್ದರೆ ಗಂಟೆಗೆ ಸುಮಾರು 75 ಜಿಬಿ ಬೇಕು, ಇವು ಅದನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತವೆ. ಎಂಪಿ4ಗೆ ನೇರವಾಗಿ ಇಳಿಸಿದರೆ ಗೀರಿನ ಸುತ್ತ ಚೌಕುಳಿ ಕಲೆಗಳು ಹುಟ್ಟಿಕೊಳ್ಳುತ್ತವೆ, ಅವು ಪಕ್ಕದ ಫ್ರೇಮಿಗೂ ಹರಡುತ್ತವೆ. ಮೂರನೆಯದು, ಡೀಇಂಟರ್‌ಲೇಸ್ (ಫೀಲ್ಡುಗಳನ್ನು ಪೂರ್ತಿ ಫ್ರೇಮುಗಳಾಗಿ ಮಾರ್ಪಡಿಸುವುದು) ಮಾಡಬೇಡಿ. 720×576, ಎರಡು ಫೀಲ್ಡ್ ಇದ್ದದ್ದು ಇದ್ದ ಹಾಗೇ ಬರಲಿ.

ಎರಡೂ ಕ್ಯಾಸೆಟ್‌ಗಳನ್ನು ಅದೇ ವಿಸಿಆರ್, ಅದೇ ವಯರ್, ಅದೇ ಸೆಟ್ಟಿಂಗಿನಲ್ಲಿ ಇಳಿಸಿ. ಬಣ್ಣ ಹೊಂದಿಸುವ ಕೆಲಸ ಅರ್ಧ ಇಲ್ಲೇ ಮುಗಿಯುತ್ತದೆ.

ಒಂದೇ ಕ್ಯಾಸೆಟ್ ಸಿಕ್ಕವರೂ ಪೂರ್ತಿ ನಿರಾಶರಾಗಬೇಕಿಲ್ಲ. ಅದನ್ನೇ ಎರಡು ಮೂರು ಸಲ ಇಳಿಸಿ. ಧೂಳಿನಿಂದಾದ ಗೀರು ಪ್ರತಿ ಸಲ ಬೇರೆ ಕಡೆ ಬರುತ್ತದೆ. ಮೊದಲ ಸಲ ಹಾಳಾಗಿ ಬಂದ ಫ್ರೇಮ್ ಎರಡನೇ ಸಲ ಸರಿಯಾಗಿ ಬರುವುದುಂಟು. ಆ ಎರಡನೇ ಫೈಲೇ ನಿಮ್ಮ 'ಆ' ಆಗುತ್ತದೆ, ಬಣ್ಣ ಹೊಂದಿಸುವ ತಲೆನೋವೂ ಇರುವುದಿಲ್ಲ.

ಎರಡನ್ನೂ ಫ್ರೇಮಿಗೆ ಫ್ರೇಮ್ ಹೊಂದಿಸುವುದು

ಇದೇ ಕೆಲಸದ ಜೀವ. ಇಲ್ಲಿ ಒಂದು ಫ್ರೇಮ್ ಆಚೀಚೆ ಆದರೂ ಬದಲಿಸಿದ ಜಾಗದಲ್ಲಿ ಕೈ ಹಿಂದಕ್ಕೆ ಜಿಗಿದು ಮುಂದೆ ಬರುತ್ತದೆ. ಗೀರಿಗಿಂತ ಅದೇ ಜಾಸ್ತಿ ಕಣ್ಣಿಗೆ ಚುಚ್ಚುತ್ತದೆ.

ಎರಡು ವಿಡಿಯೋಗಳಲ್ಲಿ ಒಂದೇ ಕ್ಷಣವನ್ನು ಹಿಡಿಯಲು ಮದುವೆ ವಿಡಿಯೋದಷ್ಟು ಅನುಕೂಲ ಬೇರೆ ಇಲ್ಲ. ಯಾಕೆ ಗೊತ್ತಾ? ಸ್ಟಿಲ್ ಫೋಟೋಗ್ರಾಫರ್‌ನ ಫ್ಲಾಶ್. ಫ್ಲಾಶ್ ಹೊಳೆಯುವುದು ಒಂದು ಸೆಕೆಂಡಿನ ನೂರರಲ್ಲೊಂದು ಭಾಗಕ್ಕಿಂತಲೂ ಕಡಿಮೆ. ವಿಡಿಯೋದಲ್ಲಿ ಒಂದು ಫೀಲ್ಡ್ 50ರಲ್ಲೊಂದು ಭಾಗ. ಹಾಗಾಗಿ ಫ್ಲಾಶ್ ಬಹಳ ಸಲ ಒಂದೇ ಫೀಲ್ಡಿನಲ್ಲಿ ಬಿದ್ದಿರುತ್ತದೆ. ಫ್ರೇಮ್ ನಿಲ್ಲಿಸಿ ದೊಡ್ಡದು ಮಾಡಿ ನೋಡಿದರೆ ವರನ ಪೇಟ ಒಂದು ಗೆರೆ ಬೆಳ್ಳಗೆ, ಒಂದು ಗೆರೆ ಮಾಮೂಲಾಗಿ, ಹೀಗೆ ಬಾಚಣಿಗೆಯ ಹಲ್ಲಿನಂತೆ ಕಾಣುತ್ತದೆ. ಮುಂದಿನ ಫ್ರೇಮಿನಲ್ಲಿ ಏನೂ ಇರುವುದಿಲ್ಲ. ಇಷ್ಟು ನಿಖರವಾದ ಗುರುತನ್ನು ಯಾರೂ ಬೇಕೆಂದು ಹಾಕಿದ್ದಲ್ಲ, ಆದರೂ ಸಿಕ್ಕಿದೆ. ಗಟ್ಟಿಮೇಳ ಶುರುವಾದ ಮೇಲಂತೂ ಸಾಲು ಸಾಲು ಫ್ಲಾಶ್ ಸಿಗುತ್ತವೆ. ಅವುಗಳ ನಡುವಿನ ಅಂತರ ಎರಡು ಪ್ರತಿಗಳಲ್ಲೂ ಒಂದೇ ಇದ್ದರೆ ಬೇರೆ ಯಾವುದೋ ಫ್ಲಾಶನ್ನು ಹಿಡಿದಿಲ್ಲ ಅಂತ ಧೈರ್ಯ ಬರುತ್ತದೆ.

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ವರ್ಚುಯಲ್‌ಡಬ್ ಎಂಬ ವಿಡಿಯೋ ಸಾಫ್ಟ್‌ವೇರಿನಲ್ಲಿ 'ಅ' ತೆರೆದು ಮೊದಲ ಸ್ಪಷ್ಟ ಫ್ಲಾಶಿನ ಫ್ರೇಮ್ ಸಂಖ್ಯೆ ಬರೆಯಿರಿ. 4808 ಅಂತ ಇಟ್ಟುಕೊಳ್ಳಿ. 'ಆ'ದಲ್ಲಿ ಅದೇ ಫ್ಲಾಶ್ 4931ರಲ್ಲಿದೆ. ವ್ಯತ್ಯಾಸ 123. ನಿಮ್ಮ ಎಡಿಟರ್ ಫ್ರೇಮ್ ಸಂಖ್ಯೆ ತೋರಿಸದೆ ಸಮಯ ತೋರಿಸಿದರೆ ಲೆಕ್ಕ ಸುಲಭ. 3 ನಿಮಿಷ 12 ಸೆಕೆಂಡು 8 ಫ್ರೇಮ್ ಅಂದರೆ 192 ಸೆಕೆಂಡು, ಅದನ್ನು 25ರಿಂದ ಗುಣಿಸಿ 8 ಕೂಡಿ, 4808. ಎಣಿಕೆ 1ರಿಂದಲ್ಲ, 0ಯಿಂದ ಶುರುವಾಗುತ್ತದೆ ಅನ್ನುವುದು ನೆನಪಿರಲಿ.

ಇನ್ನು ಕ್ಯಾಸೆಟ್ಟಿನ ಕೊನೆಯ ಕಡೆಗೆ ಹೋಗಿ, ಆರತಕ್ಷತೆಯ ಒಂದು ಫ್ಲಾಶ್ ಹಿಡಿಯಿರಿ. ವ್ಯತ್ಯಾಸ ಅಲ್ಲೂ 123 ಬಂದರೆ ಬಹುತೇಕ ಗೆದ್ದಿರಿ. 121 ಬಂದರೆ ಮಧ್ಯೆ ಎಲ್ಲೋ ಎರಡು ಫ್ರೇಮ್ ಎಡವಟ್ಟಾಗಿದೆ. ಸರಿಯಾಗಿ ನಡುವಿನ ಒಂದು ಗುರುತು ನೋಡಿ. ಅಲ್ಲಿ 123 ಇದ್ದರೆ ಎಡವಟ್ಟು ಎರಡನೇ ಅರ್ಧದಲ್ಲಿದೆ. ಮತ್ತೆ ಅದನ್ನು ಅರ್ಧ ಮಾಡಿ. ಹೀಗೆ ಅರ್ಧ ಅರ್ಧ ಮಾಡುತ್ತ ಹೋದರೆ ಬೇಗ ಸಿಕ್ಕಿಬೀಳುತ್ತದೆ. ಫ್ಲಾಶ್ ಇಲ್ಲದ ಕಡೆ ಶಾಟ್ ಬದಲಾಗುವ ಜಾಗ, ಅಕ್ಷತೆ ಕೈಬಿಟ್ಟ ಗಳಿಗೆ, ಡೋಲಿನ ಮೇಲೆ ಕೋಲು ಬೀಳುವ ಗಳಿಗೆ, ಯಾರಾದರೂ ಕಣ್ಣು ಮಿಟುಕಿಸಿದ್ದು, ಇವೆಲ್ಲ ಗುರುತೇ.

ಅಳತೆ ಸರಿ ಇದೆಯಾ ಅಂತ ನೋಡಲು ಒಂದು ಒಳ್ಳೆ ಪರೀಕ್ಷೆ ಇದೆ. ಶಾಟ್‌ಕಟ್‌ನಂಥ ಉಚಿತ ಎಡಿಟರಿನಲ್ಲಿ 'ಅ'ವನ್ನು ಕೆಳಗಿನ ಟ್ರ್ಯಾಕಿನಲ್ಲೂ 'ಆ'ವನ್ನು ಮೇಲಿನ ಟ್ರ್ಯಾಕಿನಲ್ಲೂ ಇಟ್ಟು, ಮೇಲಿನದಕ್ಕೆ ಬ್ಲೆಂಡ್ ಮೋಡ್ ಫಿಲ್ಟರ್ ಹಾಕಿ 'ಡಿಫರೆನ್ಸ್' ಆರಿಸಿ. ಎರಡೂ ಹೊಂದಿದ್ದರೆ ತೆರೆ ಬಹುತೇಕ ಕಪ್ಪಾಗುತ್ತದೆ. ಟೇಪಿನ ಚುಕ್ಕೆಗಳು ಬೂದು ಬೂದಾಗಿ ಮಿಣುಗುತ್ತವೆ, ಅದು ಸಹಜ. ಆದರೆ ಓಡಾಡುವವರ ಸುತ್ತ ಬೆಳ್ಳನೆಯ ಅಂಚು ಮೂಡಿದರೆ ಫ್ರೇಮ್ ತಪ್ಪಿದೆ. ನಿಂತ ಕಂಬ, ಬಾಗಿಲಿನ ಸುತ್ತಲೂ ಅಂಚು ಮೂಡಿದರೆ ಫ್ರೇಮ್ ಸರಿಯೇ ಇದೆ, ಚಿತ್ರ ಕೆಲವು ಪಿಕ್ಸೆಲ್ ಎಡಕ್ಕೋ ಬಲಕ್ಕೋ ಸರಿದಿದೆ. 'ಆ'ವನ್ನು ಅಡ್ಡಲಾಗಿ ಸರಿಸಿ ಕಪ್ಪು ಮಾಡಿ. ಮೇಲೆ ಕೆಳಗೆ ಸರಿಸಬೇಕಾದರೆ ಎರಡರ ಲೆಕ್ಕದಲ್ಲೇ ಸರಿಸಿ, 2, 4, 6 ಹೀಗೆ. ಒಂದೇ ಗೆರೆ ಸರಿಸಿದರೆ ಫೀಲ್ಡುಗಳು ಅದಲುಬದಲಾಗಿ ಚಿತ್ರ ನಡುಗುತ್ತದೆ.

ವಿಸಿಡಿ ಫೈಲನ್ನು 'ಆ' ಮಾಡಿಕೊಂಡವರು ಅದನ್ನು 720ರ ಅಗಲಕ್ಕೆ ಎಳೆಯಬೇಡಿ. 704×576ಕ್ಕೆ ದೊಡ್ಡದು ಮಾಡಿ ಎರಡೂ ಪಕ್ಕ 8 ಪಿಕ್ಸೆಲ್ ಕಪ್ಪು ಸೇರಿಸಿ ನೋಡಿ. ಮುಖದ ಮೇಲೆ ಮುಖ ಸರಿಯಾಗಿ ಕೂರುತ್ತದೆ.

ಯಾವ ಫ್ರೇಮ್ ಬದಲಿಸಬೇಕು, ಎಷ್ಟು ಬದಲಿಸಬೇಕು

'ಅ'ವನ್ನು ಒಮ್ಮೆ ಪೂರ್ತಿ ನೋಡಿ ಹಾಳಾದ ಜಾಗಗಳ ಪಟ್ಟಿ ಮಾಡಿ. ಶುರುವಿನ ಫ್ರೇಮ್, ಕೊನೆಯ ಫ್ರೇಮ್, ಏನಾಗಿದೆ, 'ಆ'ದಲ್ಲಿ ಅದೇ ಜಾಗ ಹೇಗಿದೆ. ಒಂದು ಸೆಕೆಂಡಿನಲ್ಲಿ ಮಿಂಚಿ ಹೋಗುವ ಸಣ್ಣ ಗೀರುಗಳನ್ನೆಲ್ಲ ಪಟ್ಟಿಗೆ ಸೇರಿಸಲು ಹೋಗಬೇಡಿ, ಮುಗಿಯುವುದಿಲ್ಲ. ನೋಡುವಾಗ ಗಮನ ಕೆಡಿಸುವಂಥವು ಸಾಕು.

ಒಂದು ಗೀರು ಎರಡೂ ಪ್ರತಿಗಳಲ್ಲಿ ಅದೇ ಫ್ರೇಮಿನ ಅದೇ ಜಾಗದಲ್ಲಿದ್ದರೆ ಅದು ಮಾಸ್ಟರಿನಲ್ಲೇ ಇತ್ತು ಅಂತ ಅರ್ಥ. ಬೀಗರೇನು ಮಾಡಿಯಾರು! ಅಂಥದ್ದು ಒಂದೆರಡು ಫ್ರೇಮ್ ಆದರೆ ಹಿಂದು ಮುಂದಿನ ಫ್ರೇಮುಗಳಿಂದ ಹೊಸದನ್ನು ಕಟ್ಟಿಸಬಹುದು. ಜಾಸ್ತಿಯಾದರೆ ಬಿಟ್ಟುಬಿಡಿ.

ಬದಲಿಸುವಾಗ ಎಷ್ಟು ಕಡಿಮೆ ಮುಟ್ಟುತ್ತೀರೋ ಅಷ್ಟು ಒಳ್ಳೆಯದು. ಗೀರು ಒಂದೇ ಫೀಲ್ಡಿನಲ್ಲಿದ್ದರೆ ಆ ಫೀಲ್ಡ್ ಮಾತ್ರ ಬದಲಿಸಿ. ಇಡೀ ಫ್ರೇಮ್ ಹಾಳಾಗಿದ್ದರೆ ಫ್ರೇಮ್ ಬದಲಿಸಿ. ನಾನು ಮೇಲೆ ಹೇಳಿದ ತೆವಳುವ ಪಟ್ಟಿ ಆದರೆ ಆ ಪಟ್ಟಿಯ ಜಾಗವನ್ನು ಮಾತ್ರ 'ಆ'ದಿಂದ ತನ್ನಿ. ನೂರು ಫ್ರೇಮ್ ಪೂರ್ತಿ ಬದಲಿಸಿದರೆ 4 ಸೆಕೆಂಡು ಚಿತ್ರ ಮಸುಕಾಗಿ ಮತ್ತೆ ಚುರುಕಾಗುವುದು ಗೊತ್ತಾಗುತ್ತದೆ.

ಶಾಟ್‌ಕಟ್‌ನಲ್ಲಿ ಮಾಡುವ ರೀತಿ ಸರಳ. ವಿಡಿಯೋ ಮೋಡ್ 'ಎಸ್‌ಡಿ ಪಾಲ್' ಇರಲಿ. ಹೊಂದಿಸಿದ ಮೇಲಿನ ಟ್ರ್ಯಾಕಿನಿಂದ ಬ್ಲೆಂಡ್ ಮೋಡ್ ತೆಗೆದುಹಾಕಿ. ಹಾಳಾದ ಜಾಗದ ಶುರುವಿನಲ್ಲೂ ಕೊನೆಯಲ್ಲೂ 'ಆ'ವನ್ನು ಕತ್ತರಿಸಿ, ಬೇಡದ ಭಾಗವನ್ನು ಲಿಫ್ಟ್ ಮಾಡಿ (ಆ ಜಾಗ ಖಾಲಿ ಉಳಿಯುವಂತೆ) ತೆಗೆಯಿರಿ. ರಿಪಲ್ ಡಿಲೀಟ್ ಒತ್ತಬೇಡಿ, ಒತ್ತಿದರೆ ಮುಂದಿನದೆಲ್ಲ ಹಿಂದಕ್ಕೆ ಸರಿದು ಹೊಂದಾಣಿಕೆ ಮಣ್ಣುಪಾಲು. ಕೊನೆಗೆ ಮೇಲಿನ ಟ್ರ್ಯಾಕಿನಲ್ಲಿ ಅಲ್ಲಲ್ಲಿ ಚಿಕ್ಕ ಚಿಕ್ಕ ತುಂಡು ಮಾತ್ರ ಉಳಿಯುತ್ತವೆ. ಪಟ್ಟಿಯ ಜಾಗ ಮಾತ್ರ ಬೇಕಾದ ಕಡೆ ಆ ತುಂಡಿಗೆ ಮಾಸ್ಕ್ ಫಿಲ್ಟರ್ (ಚಿತ್ರದ ಬೇಕಾದ ಭಾಗ ಮಾತ್ರ ಕಾಣಿಸುವುದು) ಹಾಕಿ, ಕೀಫ್ರೇಮಿನಿಂದ, ಅಂದರೆ ಯಾವ ಫ್ರೇಮಿನಲ್ಲಿ ಮಾಸ್ಕ್ ಎಲ್ಲಿರಬೇಕು ಅಂತ ಗುರುತು ಹಾಕಿ, ಪಟ್ಟಿಯ ಜೊತೆಗೇ ಸರಿಸುತ್ತ ಹೋಗಿ. ಮಾಸ್ಕಿನ ಅಂಚು ತುಸು ಮೃದುವಾಗಿರಲಿ. ಅಂಚು ಮುಖದ ಮಧ್ಯೆ ಹಾಯದೆ ಚಪ್ಪರದ ಗೆರೆಯಂಥ ಕಡೆ ಬಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

ಫೀಲ್ಡ್ ಮಟ್ಟದ ಕೆಲಸಕ್ಕೆ ಅವಿಸಿಂತ್ ಬೇಕು. ಇದು ಗುಂಡಿ ಒತ್ತುವ ಸಾಫ್ಟ್‌ವೇರ್ ಅಲ್ಲ, ನಾಲ್ಕು ಸಾಲು ಬರೆದು ಹೇಳಬೇಕು. ಮೊದಲ ಸಾಲಿನಲ್ಲಿ 'ಅ' ತೆರೆಯುವುದು. ಎರಡನೆಯದರಲ್ಲಿ 'ಆ' ತೆರೆದು, ಟ್ರಿಮ್ ಎಂಬ ಆಜ್ಞೆಯಿಂದ ಅದರ ಮೊದಲ 123 ಫ್ರೇಮ್ ಕತ್ತರಿಸುವುದು. ಈಗ ಎರಡರ ಸಂಖ್ಯೆಯೂ ಒಂದೇ. ಆಮೇಲೆ ಎರಡಕ್ಕೂ ಸೆಪರೇಟ್‌ಫೀಲ್ಡ್ಸ್ ಹಾಕಿದರೆ ಸೆಕೆಂಡಿಗೆ 50 ಚಿತ್ರವಾಗುತ್ತದೆ, ಸಂಖ್ಯೆಗಳೆಲ್ಲ ಎರಡರಷ್ಟಾಗುತ್ತವೆ. ಫ್ರೇಮ್ 4808ರ ಫೀಲ್ಡುಗಳು 9616 ಮತ್ತು 9617. ರೀಮ್ಯಾಪ್‌ಫ್ರೇಮ್ಸ್ ಎಂಬ ಪ್ಲಗಿನ್ನಿನಲ್ಲಿ ರಿಪ್ಲೇಸ್‌ಫ್ರೇಮ್ಸ್‌ಸಿಂಪಲ್ ಎಂಬ ಆಜ್ಞೆ ಇದೆ. ಅದಕ್ಕೆ 'ಅ', 'ಆ' ಎರಡನ್ನೂ ಕೊಟ್ಟು ಬದಲಿಸಬೇಕಾದ ಸಂಖ್ಯೆಗಳನ್ನು ಸಾಲಾಗಿ ಕೊಟ್ಟರಾಯಿತು. ಒಂಟಿ ಸಂಖ್ಯೆಯನ್ನು ಹಾಗೇ ಬರೆಯಬಹುದು, ಸಾಲಾಗಿ ಹಲವು ಇದ್ದರೆ ಚೌಕ ಕಂಸದೊಳಗೆ [9616 9640] ಎಂದು ಮೊದಲನೆಯದು, ಕೊನೆಯದು ಮಾತ್ರ. ಕೊನೆಯಲ್ಲಿ ವೀವ್ ಆಜ್ಞೆ ಕೊಟ್ಟು ಫೀಲ್ಡುಗಳನ್ನು ಮತ್ತೆ ಹೆಣೆಯಿರಿ. ಈ ಸಂಖ್ಯೆಗಳನ್ನು ಬೇರೆ ಪಠ್ಯ ಫೈಲಿನಲ್ಲಿ ಇಟ್ಟುಕೊಂಡೂ ಓದಿಸಬಹುದು. ನೋಟ್‌ಬುಕ್ಕಿನ ಪಟ್ಟಿಯೇ ಕೆಲಸ ಮಾಡಿದಂತೆ ಆಗುತ್ತದೆ, ತಪ್ಪಿದರೆ ಒಂದು ಸಂಖ್ಯೆ ತಿದ್ದಿದರೆ ಸಾಕು. ನೂರಾರು ಗೀರು ಇರುವವರಿಗೆ ನಾನು ಇದನ್ನೇ ಹೇಳುವುದು.

ಒಂದು ಕಡೆ ಜೋಪಾನ. ಟೇಪ್ ಜೋರಾಗಿ ಸುಕ್ಕಾದ ಕಡೆ 'ಅ' ಕೆಲವು ಫ್ರೇಮುಗಳನ್ನೇ ಕಳೆದುಕೊಂಡಿರಬಹುದು. ಸುಕ್ಕಿನ ಹಿಂದಿನ ಫ್ಲಾಶಿನಲ್ಲಿ ವ್ಯತ್ಯಾಸ 123, ಮುಂದಿನದರಲ್ಲಿ 129 ಅಂದರೆ ಆರು ಫ್ರೇಮ್ ಹಾರಿಹೋಗಿವೆ. ಅಲ್ಲಿ ಫ್ರೇಮಿಗೆ ಫ್ರೇಮ್ ಬದಲಿಸಲು ಬರುವುದಿಲ್ಲ. ಸುಕ್ಕಿಗೆ ಮುಂಚೆ 'ಅ'ವನ್ನು ಕತ್ತರಿಸಿ, ಅಲ್ಲಿಂದ ಸುಕ್ಕು ಮುಗಿಯುವವರೆಗೆ 'ಆ'ದ ತುಂಡನ್ನು ಧ್ವನಿ ಸಮೇತ ಸೇರಿಸಿ, ಆಮೇಲೆ 'ಅ' ಮುಂದುವರಿಸಿ. ಅಲ್ಲಿಂದಾಚೆ ವಿಡಿಯೋ ಆರು ಫ್ರೇಮ್ ಉದ್ದವಾಗಿರುತ್ತದೆ, ಪಟ್ಟಿಯ ಸಂಖ್ಯೆಗಳೂ ಆರು ಮುಂದೆ ಹೋಗುತ್ತವೆ. ಆದ್ದರಿಂದ ಇಂಥ ಜಾಗಗಳನ್ನು ಕೊನೆಯಿಂದ ಶುರುಮಾಡಿ ಹಿಂದಕ್ಕೆ ಸರಿಪಡಿಸುತ್ತ ಬನ್ನಿ. ಆಗ ಮುಂಚಿನ ಸಂಖ್ಯೆಗಳು ಕೆಡುವುದಿಲ್ಲ.

ಬಣ್ಣ

ಬದಲಿಸಿದ ಫ್ರೇಮುಗಳು ಅರ್ಧ ಸೆಕೆಂಡು ಬಂದು ಹೋಗುವಾಗ ವಧುವಿನ ಮುಖ ಗುಲಾಬಿಯಾಗಿ ಮತ್ತೆ ಮಾಮೂಲಾದರೆ ಎಲ್ಲ ಶ್ರಮ ವ್ಯರ್ಥ. ಯಾವಾಗಲೂ 'ಆ'ವನ್ನು 'ಅ'ಕ್ಕೆ ಹೊಂದಿಸಿ. 'ಅ'ವನ್ನು ಮುಟ್ಟಬೇಡಿ. ಮೊದಲು ಬೆಳಕು, ಆಮೇಲೆ ಬಣ್ಣದ ಗಾಢತೆ, ಕೊನೆಗೆ ಛಾಯೆ. ಬಿಳಿಗೆ ಅಂತ ಪಂಚೆಯನ್ನು ನೋಡಿ ಅಳೆಯುವವರೇ ಜಾಸ್ತಿ. ಆದರೆ ವಿಡಿಯೋ ಲೈಟಿನ ಕೆಳಗೆ ಪಂಚೆ ಸುಟ್ಟು ಬೆಳ್ಳಗಾಗಿರುತ್ತದೆ, ಅದರಿಂದ ಏನೂ ತಿಳಿಯದು. ಮುಖ, ಹಿಂದಿನ ಗೋಡೆ, ಹಾಸಿದ ಜಮಖಾನ ನೋಡಿ ಹೊಂದಿಸಿ.

'ಆ'ದ ಬಣ್ಣ ಕೆಳಗೆ ಜಾರಿದ್ದರೆ ಇನ್ನೊಂದು ಉಪಾಯ. ವಿಎಚ್‌ಎಸ್‌ನಲ್ಲಿ ಬೆಳಕು ಬೇರೆ, ಬಣ್ಣ ಬೇರೆಯಾಗಿ ದಾಖಲಾಗುತ್ತವೆ. ಸಣ್ಣ ಗೀರುಗಳಲ್ಲಿ ಬಹಳ ಸಲ ಎದ್ದು ಕಾಣುವ ಹಾನಿ ಬೆಳಕಿನದೇ. ಅಂಥ ಕಡೆ ಅವಿಸಿಂತ್‌ನ ಮರ್ಜ್‌ಕ್ರೋಮಾ ಬಳಸಿ ಬೆಳಕನ್ನು ಮಾತ್ರ 'ಆ'ದಿಂದ ತಂದು ಬಣ್ಣವನ್ನು 'ಅ'ದಲ್ಲೇ ಉಳಿಸಿಕೊಳ್ಳಿ. ಬಣ್ಣ ಹೊಂದಿಸುವ ಪ್ರಶ್ನೆಯೇ ಏಳುವುದಿಲ್ಲ.

'ಆ' ಎಷ್ಟು ಮಾಡಿದರೂ ಮಸುಕಾಗಿಯೇ ಕಂಡರೆ ಅದನ್ನು ಬಲವಂತವಾಗಿ ಚೂಪು ಮಾಡಬೇಡಿ. 1927ರ ಜರ್ಮನ್ ಚಿತ್ರ 'ಮೆಟ್ರೊಪೊಲಿಸ್'ನ ಕಳೆದುಹೋದ ದೃಶ್ಯಗಳು 2008ರಲ್ಲಿ ಬ್ಯೂನಸ್ ಐರಿಸ್‌ನ ಒಂದು 16 ಎಂಎಂ ಪ್ರತಿಯಲ್ಲಿ ಸಿಕ್ಕವು, ತುಂಬಾ ಗೀಚಿದ ಸ್ಥಿತಿಯಲ್ಲಿ. 2010ರ ಆವೃತ್ತಿಯಲ್ಲಿ ಆ ಗೀಚು ಕಣ್ಣಿಗೆ ಕಾಣುವಂತೆಯೇ ಉಳಿದಿದೆ. ಚಿತ್ರದ ಅಳತೆಯೂ ಅಲ್ಲಿ ಬೇರೆ. ನೋಡುವವರು ಅದನ್ನು ಒಪ್ಪಿಕೊಂಡಿದ್ದಾರೆ. ಅಜ್ಜಿಯ ಮುಖ ತುಸು ಮಸುಕಾಗಿ ಕಂಡರೆ ಮನೆಯವರೂ ಒಪ್ಪಿಕೊಳ್ಳುತ್ತಾರೆ, ಪ್ಲಾಸ್ಟಿಕ್ ಬೊಂಬೆಯಂತಾದರೆ ಒಪ್ಪುವುದಿಲ್ಲ.

ಧ್ವನಿ

ಚಿತ್ರದ ಒಂದೆರಡು ಫ್ರೇಮ್ ಬದಲಿಸಿದ ಕಡೆ ಧ್ವನಿಯನ್ನು ಮುಟ್ಟುವ ಅಗತ್ಯವೇ ಇಲ್ಲ, 'ಅ'ದ್ದೇ ಇರಲಿ. ಧ್ವನಿಯೂ ಹಾಳಾದ ಕಡೆ 'ಆ'ದ ಧ್ವನಿ ತಂದು ಎರಡೂ ತುದಿಗೆ ಎರಡು ಮೂರು ಫ್ರೇಮಿನಷ್ಟು ಕ್ರಾಸ್‌ಫೇಡ್ (ಒಂದು ಧ್ವನಿ ಇಳಿಯುತ್ತ ಇನ್ನೊಂದು ಏರುವುದು) ಕೊಡಿ. ಒಂದು ಫ್ರೇಮ್ ಅಂದರೆ 40 ಮಿಲಿಸೆಕೆಂಡು. ಎಲ್ಲಿ ಕತ್ತರಿಸುವುದು ಎಂಬುದೂ ಮುಖ್ಯ. ನಾಗಸ್ವರ ಎಳೆಯುತ್ತಿರುವಾಗ ಮಧ್ಯೆ ಕತ್ತರಿಸಿದರೆ ಕಿವಿಗೆ ತಿಳಿಯುತ್ತದೆ. ಡೋಲಿನ ಪೆಟ್ಟು ಬೀಳುವುದಕ್ಕೆ ತುಸು ಮುಂಚೆ ಕತ್ತರಿಸಿದರೆ ಪೆಟ್ಟಿನ ಸದ್ದು ಜೋಡಣೆಯನ್ನು ಮುಚ್ಚಿಕೊಳ್ಳುತ್ತದೆ.

ಮುಗಿಸುವಾಗ

ಮೊದಲು ಹತ್ತು ಸೆಕೆಂಡಿನ ಒಂದು ತುಣುಕನ್ನು ಮಾತ್ರ ಎಕ್ಸ್‌ಪೋರ್ಟ್ ಮಾಡಿ ನೋಡಿ. ಕ್ಯಾಮೆರಾ ಪಕ್ಕಕ್ಕೆ ತಿರುಗುವಾಗ ಚಿತ್ರ ಹಿಂದೆ ಮುಂದೆ ತೂಗಾಡಿದರೆ ಫೀಲ್ಡ್ ಆರ್ಡರ್, ಅಂದರೆ ಯಾವ ಫೀಲ್ಡ್ ಮೊದಲು ಎಂಬ ಕ್ರಮ, ತಲೆಕೆಳಗಾಗಿದೆ. ಅನಲಾಗ್ ಕ್ಯಾಪ್ಚರ್ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಮೇಲಿನ ಫೀಲ್ಡ್ ಮೊದಲು, ಡಿವಿ ಎಂಬ ಡಿಜಿಟಲ್ ಕ್ಯಾಮೆರಾ ಪದ್ಧತಿಯಲ್ಲಿ ಕೆಳಗಿನದು ಮೊದಲು. ಸರಿಯಾದದ್ದನ್ನು ಆರಿಸಿ, ಪೂರ್ತಿ ವಿಡಿಯೋವನ್ನು ನಷ್ಟವಿಲ್ಲದ ಎಫ್‌ಎಫ್‌ವಿ1ಗೆ ಎಕ್ಸ್‌ಪೋರ್ಟ್ ಮಾಡಿ. ಆಮೇಲೆ ಮಾಮೂಲು ವೇಗದಲ್ಲಿ ಕೂತು ನೋಡಿ. ಫ್ರೇಮ್ ಫ್ರೇಮ್ ನೋಡಿದವರ ಕಣ್ಣಿಗೆ ತಪ್ಪೇ ಕಾಣುತ್ತಿರುತ್ತದೆ, ಹಾಗಾಗಿ ಎಲ್ಲಿ ಬದಲಿಸಿದ್ದೀರಿ ಅಂತ ಗೊತ್ತಿಲ್ಲದ ಒಬ್ಬರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವರು ಮಾತಾಡದೆ ನೋಡಿದರೆ ಆ ಜಾಗ ಪಾಸ್.

'ಅ', 'ಆ' ಎರಡರ ಮೂಲ ಫೈಲುಗಳನ್ನು, ಬದಲಿಸಿದ ಪಟ್ಟಿಯನ್ನು, ಸರಿಪಡಿಸಿದ ಫೈಲನ್ನು ಎರಡು ಬೇರೆ ಹಾರ್ಡ್‌ಡಿಸ್ಕಿನಲ್ಲಿ, ಸಾಧ್ಯವಾದರೆ ಎರಡು ಬೇರೆ ಮನೆಯಲ್ಲಿ ಇಡಿ. ಮುಂದೆ ಮೂರನೇ ಪ್ರತಿ ಸಿಕ್ಕರೆ ಪಟ್ಟಿ ನೋಡಿ ಉಳಿದ ಜಾಗಗಳನ್ನಷ್ಟೇ ಸರಿಮಾಡಬಹುದು. ಕ್ಯಾಸೆಟ್‌ಗಳನ್ನು ಪೂರ್ತಿ ಸುತ್ತಿ, ಪುಸ್ತಕದ ಹಾಗೆ ನಿಲ್ಲಿಸಿ, ಒಣಗಿದ ಜಾಗದಲ್ಲಿಡಿ.

ನೆಂಟರಿಗೆ ಹಂಚುವ ಪ್ರತಿ ಬೇರೆ. ಡೀಇಂಟರ್‌ಲೇಸ್ ಮಾಡುವುದಿದ್ದರೆ ಈಗ, ಇದಕ್ಕೆ ಮಾತ್ರ. ಅವಿಸಿಂತ್‌ನಲ್ಲಿ ಕ್ಯೂಟಿಜಿಎಂಸಿ ಎಂಬ ಡೀಇಂಟರ್‌ಲೇಸ್ ಆಜ್ಞೆ ಬಳಸಿ ಸೆಕೆಂಡಿಗೆ 50 ಫ್ರೇಮ್ ಮಾಡಿದರೆ ಚಲನೆ ಹಳೇ ಟಿವಿಯಲ್ಲಿ ನೋಡಿದಷ್ಟೇ ನಯವಾಗಿರುತ್ತದೆ. ತಳದ ಚಿಂದಿ ಗೆರೆಯ ಮೇಲೆ ಕಪ್ಪು ಪಟ್ಟಿ ಮುಚ್ಚಿ, 4:3 ಆಕಾರದಲ್ಲೇ ಎಂಪಿ4 ಮಾಡಿ. ಟಿವಿ ಅಗಲವಿದೆ ಅಂತ ಎಳೆದರೆ ಎಲ್ಲರೂ ದಪ್ಪಗಾಗುತ್ತಾರೆ. ವಾಟ್ಸಾಪಿನಲ್ಲಿ ವಿಡಿಯೋ ಅಂತ ಕಳಿಸಿದರೆ ಅದು ಮತ್ತೆ ಕುಗ್ಗಿಸುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ, 2 ಜಿಬಿವರೆಗೆ ಹೋಗುತ್ತದೆ. ಅದಕ್ಕಿಂತ ದೊಡ್ಡದಾದರೆ ಧಾರೆ, ಊಟ, ಆರತಕ್ಷತೆ ಅಂತ ತುಂಡು ಮಾಡಿ ಕಳಿಸಿ, ಅಥವಾ ಪೆನ್‌ಡ್ರೈವಿಗೆ ಹಾಕಿ ಕ್ಯಾಸೆಟ್ ವಾಪಸ್ ಕೊಡಲು ಹೋದಾಗ ಬೀಗರ ಕೈಗೇ ಕೊಟ್ಟು ಬನ್ನಿ.